ನಮ್ಮ ಕತಿ ಆಟದ ಕಳ್ಳ

ಎಂಟನೇ ತರಗತಿಯ ಅರವತ್ತು ಮಕ್ಕಳನ್ನು ಒಂದು ನೋಟದಲ್ಲಿ ತೆಪ್ಪಗೆ ಕೂರಿಸುವವಳು ನಾನು. ಆದರೆ ಐತವಾರ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ನಲವತ್ತು ವರ್ಷದ ಒಬ್ಬ ಗಂಡಸನ್ನು ಎರಡು ನಿಮಿಷ ಸುಮ್ಮನಿರಿಸುವುದು ಒಂದಿಡೀ ವರ್ಷ ನನ್ನಿಂದ ಆಗಲಿಲ್ಲ. ಕಣ್ಣು ಬಿಟ್ಟರೆ ನಗುತ್ತಿದ್ದ. ಗದರಿದರೆ ಇನ್ನೂ ಜೋರಾಗಿ ನಗುತ್ತಿದ್ದ. ಈಗಲೂ ಅವನು ಬರುತ್ತಾನೆ, ಈಗಲೂ ಮಾತಾಡುತ್ತಾನೆ. ನಾನು ಹೇಳಹೊರಟಿರುವುದು ನಾವು ಅವನನ್ನು ಬಿಟ್ಟುಬಿಡಲು ನೋಡಿದ ದಿನಗಳ ಸಂಗತಿ.

ಅವನು ನನ್ನ ಅಣ್ಣನ ಜೊತೆ ಒಂದನೇ ಇಯತ್ತೆಯಿಂದ ಓದಿದವನು. ನಮ್ಮೂರು ವಾಡಿಯಲ್ಲೇ ಗೂಡ್ಸ್ ಗಾಡಿಯ ಗಾರ್ಡು. ಈಗ ಆ ಹುದ್ದೆಗೆ ಟ್ರೇನ್ ಮ್ಯಾನೇಜರ್ ಎಂದು ದೊಡ್ಡ ಹೆಸರು ಬಂದಿದೆ, ಆದರೂ ನಮ್ಮ ಬಾಯಿಗೆ ಅವನು ಗಾರ್ಡೇ. ನಾನೂ ಅವನನ್ನು ಅಣ್ಣಾ ಎಂದೇ ಕರೆಯುವುದು. ಒಮ್ಮೆ ನನಗೆ ಡೆಂಗಿ ಆದಾಗ ಊರೂರು ಸ್ಟೇಷನ್ನುಗಳಲ್ಲಿ ಇಳಿದಿಳಿದು ಎಳನೀರು ಹೊತ್ತು ತಂದವನು. ಇಂಥವನ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳುವುದು ಕಷ್ಟ. ಮುಕ್ಕಾಲು ಪಾಲು ಮಾಡಿಕೊಳ್ಳಬಹುದು, ನಾನು ಅಷ್ಟನ್ನು ಮಾಡಿಕೊಂಡಿದ್ದೆ.

ಕತಿ ಆಟ ಎಂದು ನಾವು ಕರೆಯುವುದು ನಾವೇ ಕಟ್ಟಿದ ಆಟವಲ್ಲ. ಕಲಬುರಗಿಯಲ್ಲಿ ಶಿಕ್ಷಕರ ತರಬೇತಿಗೆ ಹೋದಾಗ ಒಬ್ಬ ತರುಣ ಮಾಸ್ತರು ಕಲಿಸಿದ್ದು. ಒಬ್ಬರು ಕತೆ ನಡೆಸಬೇಕು. ಉಳಿದವರು ಕತೆಯೊಳಗಿನ ಒಬ್ಬೊಬ್ಬರಾಗಿ ತಾವೇನು ಮಾಡುತ್ತೇವೆಂದು ಹೇಳಬೇಕು. ಅದು ಸಾಧ್ಯವಾಯಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಸೋಲು ಗೆಲುವು ಎಂದೇನಿಲ್ಲ, ಕತೆ ಮುಂದೆ ಹೋದರೆ ಸಾಕು. ಕತೆ ನಡೆಸುವುದು ನನ್ನ ಪಾಲಿಗೆ ಬಂತು, ಯಾಕೆಂದರೆ ದಾಳ ತರಿಸಿದವಳು ನಾನು.

ನಮ್ಮ ಕಡೆ ಮನೆಯ ನೆಲವೆಂದರೆ ಶಹಾಬಾದದ ಚೌಕ ಕಲ್ಲು, ಪರಸಿ ಅನ್ನುತ್ತೇವೆ. ಹಾಗಾಗಿ ನಮಗೆ ನಕ್ಷೆಯ ಹಾಳೆ ಬೇಕಾಗಲಿಲ್ಲ. ಒಂದು ಪರಸಿ ಎಂದರೆ ಒಂದು ಹರದಾರಿ. ಚಾಕ್‌ಪೀಸಿನಲ್ಲಿ ನೆಲದ ಮೇಲೇ ಹೊಳೆ ಎಳೆದು, ಕೋಟೆ ಕಟ್ಟಿ, ಕಾಡು ಬೆಳೆಸುತ್ತಿದ್ದೆ. ಹುಣಸೆ ಬೀಜ, ಬಳೆಚೂರು, ಸೀಸೆಯ ಮುಚ್ಚಳ ಇವೇ ನಮ್ಮ ಮಂದಿ. ಸಂಜೆ ಒದ್ದೆ ಅರಿವೆಯಿಂದ ಒರೆಸಿದರೆ ರಾಜ್ಯ ಮುಳುಗಿ ನೆಲ ಸ್ವಚ್ಛವಾಗುತ್ತಿತ್ತು. ಇಂಥ ಲಾಭದ ಆಟ ಇನ್ನೊಂದಿಲ್ಲ ಎಂದು ಅಣ್ಣ ಹೇಳುತ್ತಿದ್ದ. ಅವನು ಶಹಾಬಾದದಲ್ಲಿ ಕಲ್ಲಿಗೆ ಪಾಲಿಶ್ ಹಿಡಿಸುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ, ಆಟದಲ್ಲಿ ಸಿಪಾಯಿ. ನಮ್ಮ ಶಾಲೆಯಲ್ಲಿದ್ದು ಸೇಡಂಗೆ ವರ್ಗವಾದ ಗೆಳತಿ ಒಬ್ಬಳು ಪ್ಯಾಸೆಂಜರ್ ಗಾಡಿ ಹಿಡಿದು ಬರುತ್ತಿದ್ದಳು, ಅವಳು ವೈದ್ಯೆ. ಗಾರ್ಡು ಕಳ್ಳ.

ವೈನಿ, ಅಂದರೆ ಅಣ್ಣನ ಹೆಂಡತಿ, ಮೊದಲಿಗೆ ಆಟದಲ್ಲಿ ಇರಲಿಲ್ಲ. ಅವಳ ತವರು ಕುಂಚಾವರಂ ಕಡೆಯ ಕಾಡಂಚಿನ ಹಳ್ಳಿ. ಮನೆಮಾತು ತೆಲುಗು. ಕನ್ನಡ ಚೆನ್ನಾಗಿ ಬರುತ್ತದೆ, ಆದರೆ ಆಡುವಾಗ ನಡುವೆ ಒಂದು ಪದಕ್ಕಾಗಿ ನಿಲ್ಲುತ್ತಾಳೆ. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಅತ್ತೆಯಂದಿರು, ಚಿಕ್ಕಮ್ಮಂದಿರು ಅವಳು ನಿಂತಲ್ಲೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕರು. ಕೆಟ್ಟ ಮನಸ್ಸಿನಿಂದ ನಕ್ಕವರು ಯಾರೂ ಇಲ್ಲ. ಆದರೆ ಕೆಟ್ಟ ಮನಸ್ಸಿಲ್ಲದ ನಗೆ ಚುಚ್ಚುವುದಿಲ್ಲ ಎಂದು ಯಾರು ಹೇಳಿದರು? ಎರಡು ವರ್ಷದಲ್ಲಿ ಅವಳ ಮಾತು ಕರಗಿ ಕರಗಿ ‘ಹೂಂ’, ‘ಉಹೂಂ’, ‘ಚಹಾ ಮಾಡ್ಲಿ?’ ಎಂಬ ಮೂರಕ್ಕೆ ಬಂದು ನಿಂತಿತ್ತು. ಒಂದೇ ಮನೆಯಲ್ಲಿದ್ದ ನನಗೆ ಅದು ಕಾಣಿಸಿರಲಿಲ್ಲ. ಶಾಂತ ಸ್ವಭಾವ ಎಂದುಕೊಂಡಿದ್ದೆ.

ಒಂದು ಐತವಾರ ಅವಳು ಚಹಾ ಇಡಲು ಬಂದಾಗ ನಮ್ಮ ಸಿಪಾಯಿ, ವೈದ್ಯೆ, ಕಳ್ಳ ಮೂವರೂ ಚಾಕ್‌ಪೀಸಿನ ಕಾಡಿನಲ್ಲಿ ನೀರಿಲ್ಲದೆ ಸಾಯುತ್ತಿದ್ದರು. ತಟ್ಟೆ ಹಿಡಿದುಕೊಂಡೇ ಬಗ್ಗಿ ನೋಡಿದಳು.

“ಅಲ್ಲಿ ಯಾಕ ಹೊಂಟೀರಿ? ಬಿಸಿಲಾಗ ಜೇನುಹುಳ ಯಾ ಕಡಿ ಹಾರ್ತಾವ ನೋಡ್ರಿ. ಆ ಕಡಿ ನೀರು ಇರ್ತದ.”

ನಾಲ್ವರೂ ತಲೆಯೆತ್ತಿ ನೋಡಿದೆವು. ಅಣ್ಣ ಅಂತೂ ಹೊಸಬರನ್ನು ನೋಡಿದ ಹಾಗೆ ನೋಡಿದ. ನಾನು ಅವಳ ಕೈಯಿಂದ ಚಹಾದ ತಟ್ಟೆ ಇಸಿದುಕೊಂಡು ದಾಳ ಕೊಟ್ಟೆ. ಹದಿನೇಳು ಬಿತ್ತು, ನೀರು ಸಿಕ್ಕಿತು. ಅಂದಿನಿಂದ ಅವಳು ನಮಗೆ ಕಾಡಿನ ದಾರಿ ತೋರಿಸುವವಳಾದಳು. ಹಸಿರು ಬಳೆಚೂರು ಅವಳದು. ಐತವಾರ ಬೆಳಿಗ್ಗೆಯೇ ರೊಟ್ಟಿ ಬಡಿದಿಟ್ಟು, ಪಡಸಾಲೆ ಗುಡಿಸಿ, ಎಲ್ಲರಿಗಿಂತ ಮೊದಲು ಬಂದು ಕೂಡುತ್ತಿದ್ದಳು. ಪ್ರಾಣಿಯ ಹೆಜ್ಜೆ, ಗಾಳಿಯ ವಾಸನೆ, ಯಾವ ಗಿಡದ ಕೆಳಗೆ ಮಲಗಬಾರದು ಎಂಬುದು, ಎಲ್ಲವನ್ನೂ ನಿಧಾನಕ್ಕೆ ಹೇಳುತ್ತಿದ್ದಳು. ಅವಳೊಳಗೆ ಇಷ್ಟು ಮಾತು ಇತ್ತೆಂದು ತಿಳಿದು ನನಗೆ ನಾಚಿಕೆಯೂ ಆಯಿತು, ಹಿಗ್ಗೂ ಆಯಿತು.

ಆದರೆ ಅವಳು ಪದಕ್ಕಾಗಿ ನಿಲ್ಲುವ ಆ ಎರಡು ಕ್ಷಣವಿದೆಯಲ್ಲ, ಅಲ್ಲಿ ಗಾರ್ಡು ನುಗ್ಗುತ್ತಿದ್ದ.

“ನಾ ಆ ಗವಿ ಬಾಯಿಗಿ ಹೋಗಿ ಕುಂದರ್ತೀನಿ. ಕುಂತು… ಅಲ್ಲಿ…”

“ಬೆಂಕಿ ಹಚ್ಚತಾರ! ಶಾಬಾಸ್ ವೈನಿ, ಹಚ್ರಿ ಬೆಂಕಿ! ಹೊಗಿಗಿ ಕರಡಿ ಹೊರಗ ಬರ್ತದ, ನಾ ಹಿಂದಿಂದ ಒಳಗ ನುಗ್ಗಿ ಇದ್ದದ್ದೆಲ್ಲಾ ಬಳ್ಕೊಂಡು ಬರ್ತೀನಿ. ಒಗೀಲೇನು ದಾಳ?”

ಒಗೆದೇ ಬಿಡುತ್ತಿದ್ದ. ಅವಳು ಬೆಂಕಿ ಹಚ್ಚಲು ಹೊರಟಿರಲಿಲ್ಲ. ಸುಮ್ಮನೆ ಕೂತು, ಒಳಗೆ ಪ್ರಾಣಿ ಇದೆಯೋ ಇಲ್ಲವೋ ವಾಸನೆ ಹಿಡಿದು ನೋಡುವುದಿತ್ತು. ಆಮೇಲೆ ಪಾತ್ರೆ ತೊಳೆಯುವಾಗ ನನಗೆ ಹೇಳಿದಳು. ಅಷ್ಟು ಹೊತ್ತಿಗೆ ಕರಡಿ ಸತ್ತು, ಗವಿ ಬರಿದಾಗಿ, ಕತೆ ನಾಲ್ಕು ಹರದಾರಿ ಮುಂದೆ ಹೋಗಿತ್ತು.

ಇದು ಸಾಲದೆಂದು ಅವನು ಜೊತೆಯವರದ್ದನ್ನೇ ಕದಿಯುತ್ತಿದ್ದ. ಅಣ್ಣನ ಕತ್ತಿ, ವೈದ್ಯೆಯ ಔಷಧಿ ಚೀಲ, ವೈನಿ ಮೂರು ವಾರ ಕೂಡಿಸಿದ್ದ ಬೇರುಗಳ ಗಂಟು. ಕೇಳಿದರೆ, “ನಾ ಕಳ್ಳ ಇದ್ದೀನಲ್ಲ. ಕಳ್ಳ ಕದೀಲಾರ್ದೆ ಭಜನಿ ಮಾಡ್ಬೇಕೇನು?” ಎಂದು ನನಗೇ ಕಾನೂನು ಹೇಳುತ್ತಿದ್ದ. ನಾನು ಸಿಟ್ಟಿಗೆದ್ದು ಅವನ ಕಳ್ಳನನ್ನು ಪಾಳು ಬಾವಿಗೆ ಕೆಡವಿದೆ. ಕೆಡವಿದ್ದೇ ತಪ್ಪಾಯಿತು. ಬಾವಿಯೊಳಗಿಂದ ಒಂದೂವರೆ ತಾಸು ಮಾತಾಡಿದ. ಕಪ್ಪೆಯೊಂದಿಗೆ ಗೆಳೆತನ ಬೆಳೆಸಿದ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೂ ಹೌದು, ಅಂದು ವೈನಿಯ ಸರದಿ ಬಾರದೆ ಹೋಗಿದ್ದೂ ಹೌದು.

ಮುಂದಿನ ಐತವಾರ ಅವಳು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಕರೆಯಲು ಹೋದೆ.

“ನೀವೇ ಆಡ್ರಿ. ನನಗ ಕೆಲಸ ಅದ,” ಎಂದಳು. ಕೆಲಸ ಏನೂ ಇರಲಿಲ್ಲ. ತೊಳೆದ ಪಾತ್ರೆಯನ್ನೇ ತಿರುಗಿ ತೊಳೆಯುತ್ತಿದ್ದಳು. ಇವಳು ಆ ಪರಸಿಯ ಮೇಲಿಂದ ಒಮ್ಮೆ ಎದ್ದುಹೋದರೆ ಮತ್ತೆ ‘ಹೂಂ’, ‘ಉಹೂಂ’ಗೆ ತಿರುಗಿ ಹೋಗುತ್ತಾಳೆ, ಇನ್ನೊಂದು ಸಲ ಯಾವ ಜೇನುಹುಳವೂ ಅವಳನ್ನು ಕರೆತರಲಾರದು ಎಂದು ನನಗೆ ನಿಚ್ಚಳವಾಗಿ ಅನ್ನಿಸಿತು. ಹೆದರಿಕೆಯಾಯಿತು.

ಗಾರ್ಡಿಗೆ ಹೇಳಬೇಕಿತ್ತು, ಅಷ್ಟೇ. “ಅಣ್ಣಾ, ವೈನಿ ಮಾತು ಮುಗಿಸೋತನಕ ಕಾಯಿ.” ಹತ್ತು ಸೆಕೆಂಡಿನ ಮಾತು. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? “ನನ್ನ ದೋಸ್ತ ಅಂವ, ನಾ ಹೆಂಗ ಹೇಳ್ಲಿ?” ಎಂದ ಅಣ್ಣ. ಊರ ಮಕ್ಕಳಿಗೆಲ್ಲ ಬುದ್ಧಿ ಹೇಳುವ ನಾನು, “ನಿನ್ನ ದೋಸ್ತ, ನೀನೇ ಹೇಳು,” ಎಂದೆ. ಮನೆಗೆ ಬಂದವರ ಮುಖ ಮುರಿಯುವ ಮಾತು ನಮ್ಮ ಮನೆತನದಲ್ಲಿ ಯಾರಿಗೂ ಬರುವುದಿಲ್ಲ. ಆಡುವ ಮಾತನ್ನು ಆಡಲಾರದೆ ಅದರ ಸುತ್ತ ಮೂರು ಸುತ್ತು ತಿರುಗುವುದು ಬರುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅಣ್ಣ ತಂಗಿ ಕೂಡಿ ಒಂದು ಹಂಚಿಕೆ ಹಾಕಿದೆವು. ಈ ಐತವಾರ ಆಟ ಇಲ್ಲ ಎಂದು ಗಾರ್ಡಿಗೆ ಹೇಳುವುದು. ಅವನಿಗೆ ಡ್ಯೂಟಿ ಇದೆಯಂತೆ ಎಂದು ವೈನಿಗೆ ಹೇಳುವುದು. ಸೇಡಂನಲ್ಲಿ ಗೆಳತಿಯ ಮನೆಗೆ ಹೋಗಿ ಅಲ್ಲಿಯ ಪರಸಿಯ ಮೇಲೆ ಆಡಿ ಬರುವುದು.

ಸೇಡಂ ಎಂದರೆ ನಮಗೆ ರೈಲು. ಬಸ್ಸೂ ಇದೆ, ಜೀಪೂ ಇದೆ, ನಮಗೆ ತಲೆಗೇ ಬರಲಿಲ್ಲ. ರೈಲ್ವೆ ಗಾರ್ಡಿನಿಂದ ಬಚ್ಚಿಟ್ಟುಕೊಳ್ಳಲು ರೈಲು ಹತ್ತಿದ ಜಾಣರು ಈ ಭಾಗದಲ್ಲಿ ನಾವೇ ಇರಬೇಕು.

ವೈನಿ ಖುಷಿಯಾಗಿದ್ದಳು. ವಾರದಿಂದ ಎಣ್ಣೆ ಕಾಣದ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಹೂ ಮುಡಿದು, ಕಿಟಕಿ ಪಕ್ಕ ಕೂತಿದ್ದಳು. ಚಿತ್ತಾಪುರದಲ್ಲಿ ನಮ್ಮ ಪ್ಯಾಸೆಂಜರ್ ನಿಂತಿತು. ಪ್ಲಾಟ್‌ಫಾರ್ಮ್ ಇಲ್ಲದ ಆಚೆ ಬದಿಯ ಹಳಿಯ ಮೇಲೆ ವಾಡಿ ಕಡೆಗೆ ಮುಖ ಮಾಡಿ ಒಂದು ಗೂಡ್ಸ್ ನಿಂತಿತ್ತು. ನಾವಿದ್ದದ್ದು ಮುಂದಿನ ಡಬ್ಬಿ. ಹಾಗಾಗಿ ಆ ಗೂಡ್ಸಿನ ಬಾಲದ ಡಬ್ಬಿ, ಗಾರ್ಡು ಕೂಡುವ ಡಬ್ಬಿ, ಸರಿಯಾಗಿ ನಮ್ಮ ಕಿಟಕಿಯ ಎದುರಿಗೆ ಬಂತು. ಅದರ ಸಣ್ಣ ಕಟಾಂಜನದ ಹಿಂದೆ ಸ್ಟೀಲ್ ಲೋಟ ಹಿಡಿದು ನಿಂತಿದ್ದವನು ಅವನೇ.

“ಏ ದೋಸ್ತ! ಎಲ್ಲಿಗಿ ಹೊಂಟೀರಿ ಎಲ್ಲಾರೂ?”

ಅಣ್ಣ ನನ್ನ ಮುಖ ನೋಡಿದ. ನನ್ನ ತೊಡೆಯ ಮೇಲೆ ದಾಳದ ಡಬ್ಬಿ ಇತ್ತು. ಓಢಣಿ ಎಳೆದು ಅದನ್ನು ಮುಚ್ಚಿದೆ. “ಕುಬಸಕ್ಕ ಅಣ್ಣಾ,” ಎಂದೆ, “ಸೇಡಮದಾಗ. ನಮ್ಮ ಟೀಚರೊಬ್ರ ಮಗಳದು.” ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಉಡಿ ತುಂಬುವುದೇ ಕುಬಸ. ಅಂಥ ಶುಭಕಾರ್ಯವೇ ಸುಳ್ಳಿಗೆ ನನ್ನ ಬಾಯಿಗೆ ಬರಬೇಕೆ?

ಅವನ ಮುಖ ಅರಳಿತು, ಅಥವಾ ಹಾಗೆಂದು ನಾನು ತಿಳಿದೆ. ಒಳಗೆ ಹೋಗಿ ಬಟ್ಟೆಯ ಚೀಲ ತಂದು, ಮೆಟ್ಟಿಲಿಳಿದು, ಕಲ್ಲುಖಡಿಯ ಮೇಲೆ ನಡೆದು ನಮ್ಮ ಕಿಟಕಿಯ ಕೆಳಗೆ ಬಂದ. “ತಾಂಡೂರದಾಗ ತಗೊಂಡೆ. ಸಂಜಿಕಿ ಮನಿಗಿ ಬಂದು ಕೊಡಾಂವ ಇದ್ದೆ. ತಗೋರಿ, ಉಡಿಗಿ ಐದು ಹಣ್ಣು ಬೇಕಲ್ಲ.” ಚೀಲ ಸರಳುಗಳ ನಡುವೆ ತೂರಲಿಲ್ಲ. ಸೀತಾಫಲವನ್ನು ಒಂದೊಂದಾಗಿ ಸರಳಿನೊಳಗಿಂದ ದಾಟಿಸಿದ, ವೈನಿ ಎರಡೂ ಕೈಯಿಂದ ತೆಗೆದುಕೊಂಡಳು. ಐದು. ನಮ್ಮ ಗಾಡಿ ಕೂಗಿತು. ಅವನು ತನ್ನ ಡಬ್ಬಿಗೆ ಓಡಿ ಹತ್ತಿ, ನಮ್ಮ ಗಾಡಿಗೂ ತನಗೂ ಯಾವ ಸಂಬಂಧವಿಲ್ಲದಿದ್ದರೂ, ಹಸಿರು ಬಾವುಟ ಎತ್ತಿ ಬೀಸಿದ.

ಸೇಡಂ ಬಂತು. ಗೆಳತಿ ನೆಲ ಸಾರಿಸಿ ಕಾದಿದ್ದಳು. ನಾನು ಹೊಳೆ ಎಳೆದೆ, ಕಾಡು ಬರೆದೆ. ವೈನಿ ಸೀತಾಫಲಗಳನ್ನು ಪೇಪರಿನ ಮೇಲಿಟ್ಟುಕೊಂಡು ಗೋಡೆಗೆ ಒರಗಿ ಕೂತಳು. ದಾಳ ಕೊಟ್ಟರೆ ಮುಟ್ಟಲಿಲ್ಲ.

“ಆ ಅಣ್ಣನ್ನ ಯಾಕ ಬಿಟ್ಟು ಬಂದೀರಿ?” ಎಂದು ಕೇಳಿದಳು.

“ಮತ್ತ್ಯಾಕ? ನಿನ್ನ ಸಲುವಾಗೇ,” ಎಂದ ಅಣ್ಣ.

“ನನ್ನ ಸಲುವಾಗಿ.” ಸ್ವಲ್ಪ ಹೊತ್ತು ನಿಂತಳು. ನಾವು ಕಾದೆವು, ಕಾಯುವುದು ಬಿಟ್ಟರೆ ಬೇರೆ ದಾರಿಯೂ ಇರಲಿಲ್ಲ. “ನನಗ ಕೇಳೀರೇನು ನೀವಿಬ್ರು ಅಣ್ಣ ತಂಗಿ? ಅವ್ರು ನನ್ನ ಮಾತು ಅರ್ಧಕ್ಕ ಕಸ್ಕೋತಾರ. ಖರೇ. ನೀವು ಪೂರಾನೇ ಕಸ್ಕೊಂಡ್ರಿ. ನನಗ ಸಿಟ್ಟು ಬಂದ್ರ ನಾ ಹೇಳ್ತೀನಿ. ಹೇಳಾಕ ಟೈಮ್ ಬೇಕು, ಅಷ್ಟೇ. ನಾ ಗೂಂಗಿ ಏನಲ್ಲ.”

ನನ್ನ ಮುಖಕ್ಕೆ ಬಿಸಿನೀರು ಎರಚಿದಂತಾಯಿತು. ಮೂಗಿ ಎನ್ನುವ ಮಾತನ್ನು ತನಗೆ ತಾನೇ ಹಚ್ಚಿ ಆಡಿದಳಲ್ಲ, ಅದು ಇಷ್ಟು ದಿನ ಅವಳ ತಲೆಯಲ್ಲಿ ಇದ್ದಿರಬೇಕು. ಅವಳ ಪರ ವಹಿಸಿದ್ದೇನೆ ಎಂದುಕೊಂಡು ನಾನು ಮಾಡಿದ್ದು ಗಾರ್ಡಿಗಿಂತ ದೊಡ್ಡ ಕಳ್ಳತನ. ಅವನಾದರೂ ಎದುರಿಗೆ ಕೂತು ಕದಿಯುತ್ತಿದ್ದ. ಅಂದು ಆಟ ನಡೆಯಲಿಲ್ಲ. ಗೆಳತಿ ಮಾಡಿದ ಉಪ್ಪಿಟ್ಟು ತಿಂದು ಸಂಜೆಯ ಗಾಡಿಗೆ ವಾಪಸು ಬಂದೆವು. ಸೀತಾಫಲ ಮಂಗಳವಾರಕ್ಕೆ ಹಣ್ಣಾದವು. ಭಾಳ ಸಿಹಿ ಇದ್ದವು, ಅದಕ್ಕೇ ನಾನು ಒಂದನ್ನೂ ಪೂರ್ತಿ ತಿನ್ನಲಿಲ್ಲ.

ಮುಂದಿನ ಐತವಾರ ಅವನು ಎಂದಿನಂತೆ ಬಂದ. ಚಪ್ಪಲಿ ಬಿಡುತ್ತಲೇ, “ಕುಬಸ ಹೆಂಗಾತು?” ಎಂದ. ಉತ್ತರ ಕೊಡಲು ನಾನು ಬಾಯಿ ತೆರೆದೆ. ಅಭ್ಯಾಸ ಎಲ್ಲಿ ಹೋಗುತ್ತದೆ? ವೈನಿ ನನ್ನ ಕಡೆ ಒಮ್ಮೆ ನೋಡಿದಳು, ನಾನು ಬಾಯಿ ಮುಚ್ಚಿಕೊಂಡೆ. ನನ್ನ ತರಗತಿಯ ಮಕ್ಕಳಿಗೆ ಹೇಗಾಗುತ್ತದೆಂದು ಆಗ ಗೊತ್ತಾಯಿತು.

“ಕುಬಸ ಇರಲಿಲ್ಲ ಅಣ್ಣಾರ,” ಎಂದಳು. “ನಾವು ಆಟ ಆಡಾಕ ಹೋಗಿದ್ವಿ. ನಿಮ್ಮನ್ನ ಬಿಟ್ಟು.”

ಅವನು ಬಾಗಿಲಲ್ಲೇ ನಿಂತ.

“ನೀವು ನನ್ನ ಬೇರಿನ ಗಂಟು ಕದ್ದ್ರಿ, ನನಗ ನಗಿ ಬಂತು. ಕಳ್ಳ ಇದ್ದೀರಿ, ಕದೀರಿ. ಆದ್ರ ನಾ ಮಾತಾಡೂಮುಂದ ನೀವು… ನಡುವ ನೀವು…” ನಿಂತಳು. ಅಣ್ಣ ನೆಲ ನೋಡಿದ. ನಾನು ಉಗುರಿನಿಂದ ಅಂಗೈ ಒತ್ತಿಕೊಂಡೆ. “ನೀವು ಮುಗಸ್ತೀರಿ. ಅದು ನಂದು ಇರಂಗಿಲ್ಲ. ಅದಕ್ಕ ನಾ ಎದ್ದು ಹೋಗಿದ್ದೆ.”

ಅವನು ಬಗ್ಗಿ, ಬಿಟ್ಟ ಚಪ್ಪಲಿಯನ್ನು ಸಾಲಾಗಿ ಜೋಡಿಸಿಟ್ಟ. ನಲವತ್ತು ವರ್ಷದಲ್ಲಿ ಅದೇ ಮೊದಲಿರಬೇಕು.

“ಕುಬಸ ಇಲ್ಲಂತ ನನಗ ಅವತ್ತೇ ಗೊತ್ತಾಗಿತ್ತು ವೈನಿ,” ಎಂದ ಆಮೇಲೆ. “ಈ ನಮ್ಮ ಟೀಚರ್ ಓಢಣಿ ಎಳಕೊಂಡ್ರು, ದಾಳದ ಡಬ್ಬಿ ಅರ್ಧ ಕಾಣ್ತಿತ್ತು.”

“ಗೊತ್ತಿದ್ದೂ ಹಣ್ಣು ಯಾಕ ಕೊಟ್ರಿ?”

“ನಿಮಗಂತನೇ ತಂದಿದ್ದೆ. ಇನ್ಯಾರಿಗಿ ಕೊಡ್ಲಿ?”

ಅಣ್ಣ ಎದ್ದು ಒಳಗೆ ಹೋದ. ನೀರು ತರುತ್ತೇನೆ ಎಂದು ಹೋದವನು ನೀರಿಲ್ಲದೆ ಬಂದ, ಕಣ್ಣು ಕೆಂಪಾಗಿತ್ತು. ಗಾರ್ಡು ಬಾಗಿಲಿನ ಚೌಕಟ್ಟು ಹಿಡಿದುಕೊಂಡೇ ಮಾತಾಡಿದ. ಗಾಡಿಯ ಆ ಬಾಲದ ಡಬ್ಬಿಯಲ್ಲಿ ಎಂಟು ತಾಸು, ಹತ್ತು ತಾಸು, ಒಮ್ಮೊಮ್ಮೆ ಹನ್ನೆರಡು ತಾಸು ತಾನೊಬ್ಬನೇ. ಮುಂದಿನ ಇಂಜಿನ್ನಿನವರಾದರೂ ಇಬ್ಬರಿರುತ್ತಾರೆ, ತನಗೆ ವಾಕಿಟಾಕಿಯಲ್ಲಿ ‘ಓಕೆ’ ಎಂದರೆ ತಿರುಗಿ ‘ಓಕೆ’ ಎನ್ನುವುದಷ್ಟೇ ಮಾತು. ಮನೆಗೆ ಹೋದರೆ ನಿದ್ದೆ, ಎದ್ದರೆ ಮತ್ತೆ ಡ್ಯೂಟಿ. “ವಾರಪೂರ್ತಿ ಕೂಡಿಸಿಟ್ಟಿದ್ದು ಇಲ್ಲಿ ಬಂದು ಬಿಚ್ಚತೀನಿ ವೈನಿ. ಯಾರು ನಿಂತಾರ, ಯಾರು ಕುಂತಾರ ನೋಡಂಗಿಲ್ಲ. ತಪ್ಪಾತು. ನಾ ಹೋಗ್ಲೇನು?”

ಇಷ್ಟು ವರ್ಷ ಅವನ ಜೊತೆ ಚಹಾ ಕುಡಿದ ನಾವು ಅಣ್ಣ ತಂಗಿ ಇದನ್ನು ಒಂದು ದಿನವೂ ಕೇಳಿರಲಿಲ್ಲ. ಮಾತಾಡುವವರಿಗೆ ಹೇಳಿಕೊಳ್ಳುವುದೇನೂ ಉಳಿದಿರುವುದಿಲ್ಲ ಎಂದು ತಿಳಿದಿದ್ದೆವು. ಹೋಗಬೇಡ ಎನ್ನಲು ನನಗೆ ನಾಲಿಗೆಯ ತುದಿಗೆ ಬಂತು. ಆದರೆ ಅದು ನಾನು ಹೇಳುವ ಮಾತಾಗಿರಲಿಲ್ಲ.

ವೈನಿ ತನ್ನ ಪಕ್ಕದ ಪರಸಿಯನ್ನು ಅಂಗೈಯಿಂದ ಒರೆಸಿದಳು. “ಕುಂದ್ರಿ ಅಣ್ಣಾರ. ಇವತ್ತ ಮೊದಲ ನಾ ಹೇಳ್ತೀನಿ.”

ಅವನು ಬಂದು ಕೂತ. ಬಳೆಚೂರನ್ನು ಕಾಡಿನ ಅಂಚಿಗೆ ಇಟ್ಟು ಅವಳು ಹೇಳತೊಡಗಿದಳು. ಹೊತ್ತು ಏರುವ ಮೊದಲೇ ಎದ್ದು ತಾನೊಬ್ಬಳೇ ಹಳ್ಳದ ಗುಂಟ ಹೋಗುತ್ತೇನೆ, ಇಬ್ಬನಿಯ ಮೇಲೆ ಹೆಜ್ಜೆ ಬಿದ್ದಿವೆ, ಹೆಜ್ಜೆ ಹಸಿಯಾಗಿವೆ, ಅಂದರೆ ಪ್ರಾಣಿ ದೂರ ಹೋಗಿಲ್ಲ, ನಾನು ಅಲ್ಲೇ ಒಂದು… ಒಂದು… ಅಲ್ಲಿಗೆ ನಿಂತಳು. ಬೆರಳುಗಳು ಗಾಳಿಯಲ್ಲಿ ಯಾವುದೋ ಆಕಾರ ಮಾಡಿದವು. ಗಾರ್ಡಿಗೆ ಆ ಪದ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನ ತುಟಿ ಅಲುಗಿದ್ದನ್ನು ನಾನು ಕಂಡೆ. ಮರುಕ್ಷಣ ಅವನು ತನ್ನ ಬಾಯಿಯ ಮೇಲೆ ಅಂಗೈ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿದ, ಕಣ್ಣು ಮಾತ್ರ ಅವಳ ಮೇಲೆ. ಹೊರಗೆ ಒಂದು ಗೂಡ್ಸ್ ಗಾಡಿ ಪೂರ್ತಿ ದಾಟಿಹೋಯಿತು, ಅಷ್ಟು ಹೊತ್ತಾಯಿತು. ಅವಳಿಗೆ ಪದ ಸಿಕ್ಕಿತು. ಹೇಳಿದಳು. ಅವನು ಬಾಯಿಯ ಮೇಲಿನ ಕೈ ತೆಗೆದು, ಇಷ್ಟು ವರ್ಷದಲ್ಲಿ ನಾನು ಕೇಳಿರದಷ್ಟು ಸಣ್ಣ ದನಿಯಲ್ಲಿ ಕೇಳಿದ:

“ಮುಂದ, ವೈನಿ?”